ಎರಡಿದ್ದರೆ ಜಗಳ, ಆರಿದ್ದರೆ ಶಾಂತಿ

ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಹತ್ತಿಪ್ಪತ್ತು ಡಿಸ್ಕಸ್ ಮೀನುಗಳು ಮೈಗೆ ಮೈ ತಾಗಿಸಿಕೊಂಡು ನೆಮ್ಮದಿಯಾಗಿ ಈಜುತ್ತಿರುತ್ತವೆ. ಅವುಗಳಲ್ಲಿ ಎರಡನ್ನು ಆರಿಸಿ ಮನೆಗೆ ತಂದರೆ ಕೆಲವೇ ದಿನಗಳಲ್ಲಿ ಚಿತ್ರ ಬದಲಾಗುತ್ತದೆ. ಒಂದು ಮೀನು ಇನ್ನೊಂದನ್ನು ಅಟ್ಟಾಡಿಸಿ ಮೂಲೆಗೆ ತಳ್ಳುತ್ತದೆ. ಸೋತ ಮೀನಿನ ಮೈ ಕಪ್ಪಿಡುತ್ತದೆ, ರೆಕ್ಕೆಗಳು ಮುದುಡುತ್ತವೆ. ಅದು ಆಹಾರ ಬಿಟ್ಟು ಹೀಟರಿನ ಹಿಂದೆ ಅಡಗಿಕೊಳ್ಳುತ್ತದೆ. ‘ಚಿಕ್ಕ ತೊಟ್ಟಿಗೆ ಎರಡೇ ಸಾಕು’ ಎಂದು ಲೆಕ್ಕ ಹಾಕಿದವರಿಗೆ ಇದು ಒಗಟಾಗಿ ಕಾಣುತ್ತದೆ. ನಿಜದಲ್ಲಿ ತಪ್ಪಿದ್ದು ಆ ಲೆಕ್ಕವೇ.

ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿರುವ ಈ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ನದೀಪಾತ್ರಕ್ಕೆ ಸೇರಿದ್ದು. ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಜೋಹಾನ್ ಜೇಕಬ್ ಹೆಕೆಲ್ 1840ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಏಂಜೆಲ್ ಮೀನು, ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ತಿಲಾಪಿಯ ಇವೆಲ್ಲ ಇದರ ಬಂಧುಗಳೇ. ಎಲ್ಲವೂ ಸಿಕ್ಲಿಡ್ ಕುಟುಂಬದವು. ಜಾಗಕ್ಕಾಗಿ ಕಾದಾಡುವುದು ಈ ಕುಟುಂಬದ ಹುಟ್ಟುಗುಣ. ಆದರೆ ಕಾಡಿನ ನದಿಯಲ್ಲಿ ಡಿಸ್ಕಸ್ ಒಂಟಿಯಾಗಿ ಬಾಳುವುದಿಲ್ಲ. ನೀರು ಇಳಿದಾಗ ದಡದಲ್ಲಿ ಮುಳುಗಿದ ಮರಗಳ ಕೊಂಬೆಗಳ ನಡುವೆ ಗುಂಪುಗೂಡುತ್ತದೆ.

ಗುಂಪಿನಲ್ಲಿ ಮೇಲು–ಕೀಳಿನ ಸಾಲೊಂದು ಏರ್ಪಡುತ್ತದೆ. ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಕೋಳಿಗಳಲ್ಲಿ ಇದನ್ನು ಗುರುತಿಸಿ ‘ಕುಕ್ಕುವ ಕ್ರಮ’ ಎಂದು ವಿವರಿಸಿದ್ದರು. ಮೊದಲನೆಯದು ಎಲ್ಲರನ್ನೂ ಕುಕ್ಕುತ್ತದೆ, ಕೊನೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಡಿಸ್ಕಸ್ ತೊಟ್ಟಿಯಲ್ಲೂ ನಡೆಯುವುದು ಇದೇ. ಎರಡೇ ಮೀನುಗಳಿದ್ದರೆ ಎಲ್ಲ ಪೆಟ್ಟೂ ಒಂದರ ಮೇಲೆಯೇ ಬೀಳುತ್ತದೆ. ಆರು ಇದ್ದರೆ ಅದು ಐದಕ್ಕೆ ಹಂಚಿಹೋಗುತ್ತದೆ, ಯಾವುದಕ್ಕೂ ಪ್ರಾಣಾಂತಿಕವಾಗುವುದಿಲ್ಲ. ಪುಂಡ ಮೀನನ್ನು ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಎರಡನೆಯ ಸ್ಥಾನದಲ್ಲಿದ್ದ ಮೀನು ಸಾಮಾನ್ಯವಾಗಿ ಆ ಖಾಲಿ ಪೀಠವನ್ನು ಏರುತ್ತದೆ.

ಹಾಗೆಂದು ಚಿಕ್ಕ ತೊಟ್ಟಿಗೆ ಆರು ಮೀನು ತುರುಕಬಾರದು. ಅಂಗಡಿಯವರು ಪದೇ ಪದೇ ನೀರು ಬದಲಿಸುತ್ತಾ ಕೆಲಕಾಲ ಇಟ್ಟು ಮಾರುತ್ತಾರೆ. ಮನೆಯ ಮೀನು ವರ್ಷಗಟ್ಟಲೆ ಬದುಕಬೇಕು. ಮೀನುಗಳು ಹೊರಬಿಡುವ ಅಮೋನಿಯ ವಿಷ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಅವು ನೆಲೆಗೊಳ್ಳಲು ಹೊಸ ತೊಟ್ಟಿಗೆ ಸುಮಾರು 4ರಿಂದ 6 ವಾರ ಬೇಕು. ಡಿಸ್ಕಸ್‌ಗೆ ಬೇಕಾದ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ. ಆದ್ದರಿಂದ ಬೆಳೆದ ಮೀನೊಂದಕ್ಕೆ ಕನಿಷ್ಠ 40 ಲೀಟರ್ ನೀರು ಎಂಬುದು ಹವ್ಯಾಸಿಗಳ ರೂಢಿ.

ಇಲ್ಲಿ ಶಾಲೆಯ ಗಣಿತ ಕೆಲಸಕ್ಕೆ ಬರುತ್ತದೆ. ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು 56 ಲೀಟರ್. ಒಂದೇ ಮೀನಿನ ಪಾಲು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ಮೇಲೆ ಎರಡು ಅಂಗುಲ ಬಿಟ್ಟು ತುಂಬಿಸಿದರೆ 11 ಘನ ಅಡಿ, ಅಂದರೆ ಸುಮಾರು 311 ಲೀಟರ್. ಆರು ಮೀನುಗಳಿಗೆ 240 ಲೀಟರ್ ಸಾಕು. ಮಿಕ್ಕದ್ದು ನೆಮ್ಮದಿಯ ಅಂಚು. ನೀರಿನ ತೂಕವೇ 300 ಕಿಲೋ ದಾಟುವುದರಿಂದ ಸ್ಟ್ಯಾಂಡು ಗಟ್ಟಿಯಾಗಿದೆಯೇ ಎಂಬುದನ್ನು ದೊಡ್ಡವರು ಮೊದಲೇ ನೋಡಬೇಕು.

ಜಗಳ ತಗ್ಗಿಸಲು ಇನ್ನೂ ಕೆಲವು ಉಪಾಯಗಳಿವೆ. ಒಂದೇ ಗಾತ್ರದ ಮೀನುಗಳನ್ನು ಒಟ್ಟಿಗೇ ಬಿಡಬೇಕು. ಒಂದೊಂದಾಗಿ ಸೇರಿಸಿದರೆ ಪ್ರತಿ ಹೊಸಬನಿಗೂ ಪೆಟ್ಟು ತಪ್ಪದು. ಸೇರಿಸಲೇಬೇಕಾದರೆ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ, ಮರದ ತುಂಡು, ಗಿಡಗಳ ಜಾಗ ಬದಲಿಸಿ, ದೀಪ ಆರಿಸಿ ಬಿಡುವುದು ಲೇಸು. ಹಳೆಯ ಗಡಿ ಅಳಿಸಿದಾಗ ಹಳೆಯ ಯಜಮಾನನಿಗೂ ಎಲ್ಲ ಹೊಸತೇ. ಆಹಾರವನ್ನು ಎರಡು ಕಡೆ ಹಾಕಿದರೆ ದುರ್ಬಲ ಮೀನಿಗೂ ಪಾಲು ಸಿಗುತ್ತದೆ.

ಒಂದು ಜಗಳವನ್ನು ಮಾತ್ರ ತಪ್ಪೆಂದು ಎಣಿಸಬಾರದು. ಜೋಡಿಯಾದ ಮೀನುಗಳು ನಿಂತ ಕಲ್ಲನ್ನೋ ಎಲೆಯನ್ನೋ ಉಜ್ಜಿ ಶುಚಿಮಾಡಿ ಮೊಟ್ಟೆಯಿಡುತ್ತವೆ. ಸನಿಹ ಬಂದವರನ್ನೆಲ್ಲ ಓಡಿಸುತ್ತವೆ. ಮರಿಗಳು ಈಜತೊಡಗಿದೊಡನೆ ತಂದೆ–ತಾಯಿಯ ಮೈಗೆ ಅಂಟಿಕೊಂಡು, ಚರ್ಮದಲ್ಲಿ ಒಸರುವ ಲೋಳೆಯನ್ನೇ ಉಣ್ಣುತ್ತವೆ. ಹಾಲೂಡುವುದನ್ನು ನೆನಪಿಸುವ ಈ ಪಾಲನೆಯಲ್ಲಿ ತಂದೆಗೂ ಸಮಪಾಲು. ಇಂಥ ಜೋಡಿಗೆ ಪ್ರತ್ಯೇಕ ತೊಟ್ಟಿ ಕೊಟ್ಟರೆ ಉಳಿದವಕ್ಕೂ ಶಾಂತಿ, ಮರಿಗಳಿಗೂ ಕ್ಷೇಮ.

ನದಿಯಲ್ಲಿ ಸೋತ ಮೀನಿಗೆ ಓಡಲು ದಾರಿಯಿದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಇಲ್ಲ. ಆ ದಾರಿಯನ್ನು ಒದಗಿಸುವ ಹೊಣೆ ತೊಟ್ಟಿ ಕೊಂಡವರದು. ಮನೆಯಲ್ಲಿ ಎರಡಡಿ ತೊಟ್ಟಿಗಷ್ಟೇ ಜಾಗವಿದ್ದರೆ ಗಪ್ಪಿಗಳನ್ನು ತಂದು ಸಂತೋಷಪಡಬಹುದು. ಡಿಸ್ಕಸ್ ಕೊಳ್ಳುವ ಮುನ್ನ ಅಳೆಯಬೇಕಾದದ್ದು ಜೇಬನ್ನಲ್ಲ, ತೊಟ್ಟಿಯನ್ನು.