ಉದುರಿದ ಒತ್ತು

ನಮ್ಮ ಬೀದಿಯ ತಿರುವಿನಲ್ಲಿ ಒಂದು ಪುಸ್ತಕದ ಅಂಗಡಿ ಇದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಬೋರ್ಡಿನ ಮೇಲಿದ್ದ ‘ಕನ್ನಡ ಪುಸ್ತಕಗಳು’, ‘ಕನಡ ಪುಸಕಗಳು’ ಆಗಿತ್ತು. ಹಸಿರು ಎನಾಮೆಲ್ ಬಳಿದ ಪ್ಲೈವುಡ್ ಹಲಗೆ, ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಅಕ್ಷರಗಳು. ಎರಡು ಒತ್ತುಗಳು ಉದುರಿದ್ದವು. ಒಂದು ಮೆಟ್ಟಿಲ ಬಳಿ ಸಿಕ್ಕಿತು, ಎತ್ತಿ ಮಾಲೀಕರ ಕೈಗೆ ಕೊಟ್ಟೆ. ‘ಇರಲಿ ಬಿಡಿ ಸಾರ್, ಓದೋರಿಗೆ ಅರ್ಥ ಆಗುತ್ತೆ’ ಅಂದರು. ನನ್ನ ಜಗಳ ಈ ‘ಇರಲಿ ಬಿಡಿ’ಯ ಜೊತೆ.

2024ರ ತಿದ್ದುಪಡಿಯ ಪ್ರಕಾರ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಬೇಕಾಗಿದ್ದ ಕಾನೂನೇ. ಆದರೆ ನಾವು ಕನ್ನಡಕ್ಕೆ ಸಿಕ್ಕ ಜಾಗವನ್ನು ಮಾತ್ರ ಅಳೆದೆವು. ಆ ಜಾಗದಲ್ಲಿ ಅಕ್ಷರ ಎಷ್ಟು ದಿನ ನಿಲ್ಲುತ್ತದೆ ಎಂದು ಯಾರೂ ಕೇಳಲಿಲ್ಲ.

ಒತ್ತೇ ಮೊದಲು ಯಾಕೆ ಬೀಳುತ್ತದೆ? ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಪ್ರತಿಯೊಂದೂ ಒಂದೇ ತುಂಡು. ಕನ್ನಡದಲ್ಲಿ ಹಾಗಲ್ಲ. ಯಂತ್ರ ಕತ್ತರಿಸಿದಾಗ ಒತ್ತು, ಐತ್ವ, ದೀರ್ಘ ಎಲ್ಲ ಬಿಡಿ ಚೂರುಗಳಾಗುತ್ತವೆ. ಅಂಟು ಬಿಡಲು ಶುರುವಾಗುವುದು ಅಂಚಿನಿಂದ. ದೊಡ್ಡ ಅಕ್ಷರದ ಅಂಚು ಎದ್ದರೂ ನಡುವೆ ಹಿಡಿತ ಉಳಿದಿರುತ್ತದೆ. ಪುಟ್ಟ ಒತ್ತಿಗೆ ನಡುವೆಂಬುದೇ ಇಲ್ಲ, ಎಲ್ಲವೂ ಅಂಚೇ. ಇಂಗ್ಲಿಷಿಗೆ ಸಾಕಾಗುವ ಟೇಪನ್ನು ಕನ್ನಡಕ್ಕೂ ಸಾಕೆಂದುಕೊಂಡರೆ ಕನ್ನಡ ಹೀಗೆ ಮೆಟ್ಟಿಲ ಮೇಲೆ ಬಿದ್ದಿರುತ್ತದೆ.

ತಪ್ಪೆಲ್ಲ ಟೇಪಿನದೂ ಅಲ್ಲ. ನಾನು ಎತ್ತಿಕೊಂಡ ಒತ್ತನ್ನು ತಿರುಗಿಸಿ ನೋಡಿದರೆ ಬೆನ್ನಿಗೆ ಹಸಿರು ಬಣ್ಣದ ಚಕ್ಕೆ ಅಂಟಿಕೊಂಡಿತ್ತು. ಅಂದರೆ ಟೇಪು ಬಣ್ಣವನ್ನು ಬಿಟ್ಟಿಲ್ಲ, ಬಣ್ಣವೇ ಮರವನ್ನು ಬಿಟ್ಟಿದೆ. ಪ್ಲೈವುಡ್ಡಿನ ಅಂಚಿಗೆ ಬಣ್ಣ ಬಳಿಯದಿದ್ದರೆ ಅದು ಮಳೆನೀರು ಕುಡಿದು ಉಬ್ಬುತ್ತದೆ, ಎಂಡಿಎಫ್ ಆದರೆ ಇನ್ನೂ ಬೇಗ. ಉಬ್ಬಿದ ಹಲಗೆಯಿಂದ ಬಣ್ಣ ಏಳುತ್ತದೆ, ಬಣ್ಣದ ಜೊತೆ ಅಕ್ಷರವೂ ಏಳುತ್ತದೆ.

ಪರಿಹಾರ ದೊಡ್ಡ ವಿದ್ಯೆಯೇನಲ್ಲ. ಹಲಗೆಯ ನಾಲ್ಕೂ ಅಂಚಿಗೆ ಪ್ರೈಮರ್, ಮೇಲೆ ಬಣ್ಣ. ಬೆರಳಿಗೆ ಒಣಗಿದಂತೆ ಕಂಡ ಎನಾಮೆಲ್ ಒಳಗೆ ಇನ್ನೂ ಹಸಿಯಾಗಿರಬಹುದು, ಅದಕ್ಕೆ ಕೆಲವು ದಿನ ಬಿಡಬೇಕು. ಅಕ್ಷರ ಕೂರುವ ಜಾಗವನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಹಗುರಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಬೇಕು. ಟೇಪಿನ ಜೊತೆಗೆ ಅಲ್ಲಲ್ಲಿ ಸಿಲಿಕೋನಿನ ಬೊಟ್ಟು ಇಟ್ಟರೆ ಟೇಪು ಅಕ್ಷರವನ್ನು ತಕ್ಷಣಕ್ಕೆ ಹಿಡಿದುಕೊಳ್ಳುತ್ತದೆ, ಸಿಲಿಕೋನ್ ವರ್ಷಗಟ್ಟಲೆ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತರಿಸುವ ಮೊದಲೇ ಕಂಪ್ಯೂಟರಿನಲ್ಲಿ ಒತ್ತನ್ನು ಅದರ ಅಕ್ಷರಕ್ಕೆ ಒಂದು ಸಣ್ಣ ಸೇತುವೆಯಿಂದ ಸೇರಿಸಬೇಕು. ಆ ಸೇತುವೆಗೆ ಹಲಗೆಯ ಬಣ್ಣವನ್ನೇ ಹಚ್ಚಿದರೆ ದೂರದಿಂದ ಕಾಣುವುದೂ ಇಲ್ಲ. ಇದಕ್ಕೆ ಬೇಕಾದ ಹೆಚ್ಚಿನ ಖರ್ಚು ಐದು ನಿಮಿಷದ ಗಮನ.

‘ಕೈಯಲ್ಲಿ ಬೋರ್ಡ್ ಬರೆಯುತ್ತಿದ್ದ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವವರ ಸಾಲಿನಲ್ಲಿ ನಾನಿಲ್ಲ. ಪ್ಲಾಸ್ಟಿಕ್ ಹಗುರ, ಅಗ್ಗ, ದೂರಕ್ಕೂ ಕಾಣುತ್ತದೆ. ಆದರೆ ಬೋರ್ಡ್ ಬರೆಯುತ್ತಿದ್ದ ಪೇಂಟರಿಗೆ ಒತ್ತು ಬೇರೆ ಚೂರಾಗಿರಲಿಲ್ಲ, ಅಕ್ಷರ ಮುಗಿಯುತ್ತಿದ್ದುದೇ ಅಲ್ಲಿ. ಆ ತಿಳಿವಳಿಕೆ ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ನಾವು ಹೇಳಿಕೊಡಬೇಕು.

ಪುಸ್ತಕದಲ್ಲಿ ಒಂದು ಒತ್ತು ತಪ್ಪಿದರೆ ನಾವು ಪ್ರಕಾಶಕರ ಮೇಲೆ ಹರಿಹಾಯುತ್ತೇವೆ. ಆ ಪುಸ್ತಕ ಓದುವವರು ಎಷ್ಟು ಜನ? ಬೋರ್ಡನ್ನು ಬೀದಿಯೆಲ್ಲ ಓದುತ್ತದೆ. ಅ ಆ ಇ ಈ ಕಲಿತ ಮಗು ಬಸ್ಸಿನ ಕಿಟಕಿಯಿಂದ ಮೊದಲು ಕೂಡಿಸಿ ಓದುವುದು ಅದನ್ನೇ. ‘ಅರ್ಥ ಆಗುತ್ತೆ’ ಎನ್ನುವ ಮಾತು ಆಗಲೇ ಕನ್ನಡ ಬಲ್ಲವರಿಗೆ ಸರಿ, ಈಗಷ್ಟೇ ಕಲಿಯುತ್ತಿರುವವರಿಗಲ್ಲ.

ಮೊನ್ನೆ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಬೋರ್ಡು ಹಾಗೇ ಇತ್ತು. ಮಾಲೀಕರು ಚಿಲ್ಲರೆಗೆಂದು ಗಲ್ಲಾಪೆಟ್ಟಿಗೆ ಎಳೆದಾಗ ನಾಣ್ಯಗಳ ನಡುವೆ ಆ ಬಿಳಿ ಒತ್ತು ಕಂಡಿತು. ಎಸೆದಿಲ್ಲವಲ್ಲ ಅನ್ನಿಸಿತು. ಮುಂದಿನ ಸಲ ಹೋಗುವಾಗ ಸಿಲಿಕೋನ್ ಟ್ಯೂಬು ನಾನೇ ಒಯ್ಯುತ್ತೇನೆ.