ಹಳೆ ಲಾರಿ ಮುರಿದರೆ ರಿಯಾಯಿತಿ, ಉಳಿಸಿದರೆ ಕಾನೂನಿನಲ್ಲಿ ಜಾಗವಿಲ್ಲ

ಅಕ್ಕಲಕೋಟ: ತಾಲ್ಲೂಕಿನ ಗಡಿಭಾಗದ ಒಂದು ಹಳ್ಳಿಯಲ್ಲಿ, ಬೇವಿನ ಗಿಡದ ಕೆಳಗೆ ಒಂದು ಲಾರಿ ನಿಂತಿದೆ. ಉದ್ದ ಮೂತಿ, ದುಂಡು ಮಡ್‌ಗಾರ್ಡ್, ಮುಂದಿನ ಜಾಳಿಯ ಮೇಲೆ ಮೂರು ಮೊನೆಯ ನಕ್ಷತ್ರ. 1955ರಲ್ಲಿ ಬಿಜಾಪುರದಲ್ಲಿ ನೋಂದಣಿಯಾದ ಟಾಟಾ-ಮರ್ಸಿಡಿಸ್-ಬೆಂಜ್. ಶೇಂಗಾ, ಜೋಳ ಹೇರಿಕೊಂಡು ಸೋಲಾಪುರದ ಪೇಟೆಗೆ ಓಡಾಡಿದ ಗಾಡಿ. ಓಡಿಸಿದ ಅಜ್ಜ ಇಲ್ಲ. ಮೊಮ್ಮಕ್ಕಳಲ್ಲಿ ಈಗ ವಾದ ನಡೆದಿದೆ. ಕಿರಿಯವನಿಗೆ ಅದನ್ನು ಮೊದಲಿನಂತೆ ಮಾಡಿ ನಿಲ್ಲಿಸುವ ಹುಚ್ಚು. ಹಿರಿಯವನ ಮಾತು ನೇರ: "ಭಂಗಾರದವ ಮನಿ ಮುಂದ ಕಾಟಾ ಹಿಡಕೊಂಡು ನಿಂತಾನ. ಕಬ್ಬಿಣದ ರೇಟ್ ಬಂದಾಗ ಕೊಟ್ಟುಬಿಡೂದು ಬಿಟ್ಟು, ಅದಕ್ಕ ಮತ್ತ ರೊಕ್ಕಾ ಹಾಕೂದೇನ್ರೀ?"

ಇದು ಒಂದು ಮನೆಯ ಜಗಳ ಅಷ್ಟೇ ಅಲ್ಲ. ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಹಲವು ಮನೆತನಗಳು ಲಾರಿಯ ಮೇಲೆಯೇ ಬದುಕು ಕಟ್ಟಿಕೊಂಡಿವೆ. ಆ ಕಾಲದ ಗಾಡಿಗಳು ಈಗ ಒಂದೊಂದಾಗಿ ಮುಗಿಯುತ್ತಿವೆ. ಸರ್ಕಾರದ ನಿಯಮಗಳು ಯಾವ ಕಡೆ ವಾಲಿವೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾದ ಸಮಯ ಇದು.

ನಿಯಮ ಏನು ಹೇಳುತ್ತದೆ?

ಕೇಂದ್ರ ಸಾರಿಗೆ ಇಲಾಖೆ 2021ರ ಜುಲೈನಲ್ಲಿ ಪುರಾತನ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ನೋಂದಣಿಯ ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ.

ಕೇಳಲು ಚೆಂದವೇ ಇದೆ. ಆದರೆ ಈ ನಿಯಮ ಅನ್ವಯಿಸುವುದು ದ್ವಿಚಕ್ರ ವಾಹನಕ್ಕೆ ಮತ್ತು ಜನ ಕೂರುವ ಕಾರಿನ ವರ್ಗಕ್ಕೆ ಮಾತ್ರ. ಸರಕು ಸಾಗಿಸುವ ಲಾರಿಯ ವರ್ಗ ಅದರಲ್ಲಿ ಇಲ್ಲ. ಮಹಾರಾಜರ ಕಾರು ಪುರಾತನ, ಅದೇ ವಯಸ್ಸಿನ ಶೇಂಗಾ ಗಾಡಿ ಕೇವಲ ಹಳೆಯದು.

ಇನ್ನೊಂದು ಬದಿ ನೋಡಿ. ಹಳೆ ವಾಹನ ಮುರಿಯುವ ನೀತಿಯೂ 2021ರದ್ದೇ. ನೋಂದಾಯಿತ ಕೇಂದ್ರದಲ್ಲಿ ಗಾಡಿ ಮುರಿಸಿದರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಸಾರಿಗೆ ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಹೊಗೆ ಕಾರುವ ಗಾಡಿ ರಸ್ತೆಯಿಂದ ಇಳಿಯಬೇಕು ಎಂಬುದರಲ್ಲಿ ತಪ್ಪೇನಿಲ್ಲ. ಆದರೆ ಮುರಿಯುವವನಿಗೆ ಕೈತುಂಬ ಕೊಟ್ಟು, ಉಳಿಸುವವನಿಗೆ ಒಂದು ಸಾಲೂ ಬರೆಯದಿದ್ದರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಎಂದು ಹೇಳಲು ಬಿ.ಕಾಂ. ಓದಬೇಕಾಗಿಲ್ಲ.

ಸೋಲಾಪುರಕ್ಕೂ ನಂಟು

ಈ ಇತಿಹಾಸದಲ್ಲಿ ನಮ್ಮ ಊರಿಗೆ ಪಾಲಿದೆ. ದೇಶದ ಮೊದಲ ವಾಹನ ಕಾರ್ಖಾನೆಗಳಲ್ಲಿ ಒಂದಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ವಾಲಚಂದ ಹಿರಾಚಂದ ಹುಟ್ಟಿದ್ದು 1882ರಲ್ಲಿ, ಇದೇ ಸೋಲಾಪುರದಲ್ಲಿ. ಅವರ ಕಂಪನಿ 1944ರಲ್ಲಿ ಶುರುವಾಯಿತು. ಮುಂಬೈಯ ಕುರ್ಲಾದಲ್ಲಿ ಡಾಡ್ಜ್, ಫಾರ್ಗೋ ಲಾರಿಗಳು ತಯಾರಾದವು. ಮದ್ರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ 15 ವರ್ಷದ ಒಪ್ಪಂದ ಮಾಡಿಕೊಂಡರು. ಅದು 1969ರಲ್ಲಿ ಮುಗಿದ ಮೇಲೆ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು.

ಹಾಗಾಗಿ ಗಾಡಿಯ ವರ್ಷ ತಿಳಿಯದೆ ಸಾಮಾನು ಕೊಳ್ಳಬಾರದು. 1972ರ ಗಾಡಿಗೆ ಫಳಫಳ ಹೊಳೆಯುವ ನಕ್ಷತ್ರ ಹಚ್ಚಿ "ಒರಿಜಿನಲ್" ಎಂದರೆ ಬಲ್ಲವರು ನಗುತ್ತಾರೆ.

ಒರಿಜಿನಲ್ ಸಾಮಾನು ಎಲ್ಲಿ ಹೋಯಿತು?

ಸಾಮಾನು ಸುಮ್ಮನೆ ಕಳೆದುಹೋಗಿಲ್ಲ, ಬೇರೆ ಕೆಲಸಕ್ಕೆ ಹೋಗಿದೆ. ಪಾಟಾ ಕಮ್ಮಾರನ ಕುಲುಮೆಗೆ ಹೋಗಿ ಕೊಡಲಿ, ಕುಡಗೋಲು, ಕಬ್ಬು ಕಡಿಯುವ ಕೊಯ್ತಾ ಆಯಿತು. ಆಕ್ಸಲ್ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಟೈರ್ ಗಾಡಿಯ ಕೆಳಗೆ ಸೇರಿತು. ಇಂಜಿನ್ ಬಾವಿಯ ದಂಡೆಯಲ್ಲಿ ನೀರೆತ್ತಿತು. ಹಳೆ ಗಾಡಿ ರಿಪೇರಿಯಲ್ಲಿ ಕೂದಲು ಬೆಳ್ಳಗಾದ ಸೋಲಾಪುರದ ಒಬ್ಬ ಮಿಸ್ತ್ರಿ ಹೇಳುವುದೂ ಇದನ್ನೇ: "ತಮ್ಮಾ, ಪೇಟಿಗಿ ಹೋಗೂ ಮೊದಲು ಹೊಲಾ ತಿರುಗು. ಬಾವಿ ದಂಡಿ ನೋಡು, ಹಿಟ್ಟಿನ ಗಿರಣಿ ನೋಡು. ಅಂಗಡ್ಯಾಗ ಸಿಗಲಾರದ್ದು ಅಲ್ಲಿ ಸಿಗತೈತಿ."

ಹೊಲದಲ್ಲಿ ಸಿಗದಿದ್ದರೆ ಪುಣೆಯ ಜುನಾ ಬಜಾರ, ಮುಂಬೈಯ ಕುರ್ಲಾ, ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ, ದಿಲ್ಲಿಯ ಮಾಯಾಪುರಿ ಇವೆ. ಅಲ್ಲಿ ಕಣ್ಣು ಬೇಕು. ಟಾಟಾ-ಮರ್ಸಿಡಿಸ್‌ನ ಆ ಕಾಲದ ಇಂಜಿನ್ ಓಎಂ 312, ಆರು ಸಿಲಿಂಡರಿನ ಡೀಸೆಲ್. ಎರಕದ ಮೇಲಿನ ಗುರುತು, ಸಂಖ್ಯೆ ಓದದೆ ದುಡ್ಡು ಬಿಚ್ಚಬಾರದು. ಪಂಪ್, ನೋಜಲ್ ಮಟ್ಟಿಗೆ ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋದ ಹೆಸರು ಹಳೆ ಸಾಮಾನುಗಳ ಮೇಲೆ ಇಂದೂ ಕಾಣುತ್ತದೆ. ರಬ್ಬರ್, ಬ್ರೇಕ್ ಹೋಸ್, ವೈರಿಂಗ್ ಮಾತ್ರ ಹೊಸದೇ ಹಾಕಬೇಕು. ಅವು ಇಟ್ಟಲ್ಲೇ ಕೆಡುವ ವಸ್ತು, ಅಲ್ಲಿ ಹಳೆಯದಕ್ಕೆ ಹಟ ಹಿಡಿದರೆ ಜೀವಕ್ಕೆ ಅಪಾಯ.

ಮೂಲರೂಪ ಅಂದರೆ ಯಾವುದು?

ತೊಡಕು ಇರುವುದು ಇಲ್ಲಿ. ಆ ಕಾಲದ ಲಾರಿ ಕಂಪನಿಯಿಂದ ಪೂರಾ ತಯಾರಾಗಿ ಬರುತ್ತಿರಲಿಲ್ಲ. ಚಾಸಿ, ಇಂಜಿನ್, ಮುಂದಿನ ಮೂತಿ ಬರುತ್ತಿತ್ತು. ಕ್ಯಾಬಿನ್, ಹಿಂದಿನ ಡಬ್ಬಿ ಕಟ್ಟುತ್ತಿದ್ದವರು ನಮ್ಮ ಊರುಗಳ ಬಡಿಗೇರರು, ಪತ್ರಾ ಕೆಲಸದವರು. ಪ್ರತಿ ಊರಿನ ಕೈಗೆ ಒಂದು ರೀತಿ. ಎರಡನೇ ಮಹಾಯುದ್ಧದ ನಂತರದ ಪೆಟ್ರೋಲ್ ಗಾಡಿಗಳಿಗೆ ಮುಂದೆ ಪರ್ಕಿನ್ಸ್ ಪಿ6 ಡೀಸೆಲ್ ಇಂಜಿನ್ ಕೂರಿಸಿದ್ದೂ ಉಂಟು. ಖರ್ಚು ತಾಳದೆ ಮಾಡಿದ ಬದಲಾವಣೆ ಅದು.

ಈಗ ಕಾರಿನ ನಿಯಮವನ್ನೇ ಲಾರಿಗೂ ಹಚ್ಚಿದರೆ ಇಂಜಿನ್ ಬದಲಾದ ಗಾಡಿ ಹೊರಗೆ ಉಳಿಯುತ್ತದೆ. ನನ್ನ ಅನಿಸಿಕೆ ಬೇರೆ. ದುಡಿಯುವ ಗಾಡಿಯ ಮೂಲರೂಪವನ್ನು ಕಾರ್ಖಾನೆಯ ಬಾಗಿಲಲ್ಲಿ ಹುಡುಕಬಾರದು, ಅದು ದುಡಿದ ಕಾಲದಲ್ಲಿ ಹುಡುಕಬೇಕು. ಬಡಿಗೇರನ ಕ್ಯಾಬಿನ್ ಕಿತ್ತುಹಾಕಿ ಎಲ್ಲಿಂದಲೋ ಫ್ಯಾನ್ಸಿ ಕ್ಯಾಬಿನ್ ತಂದರೆ ಅದು ಉಳಿಸಿದಂತಲ್ಲ.

ಗಡಿಯ ಕಾಗದದ ಗಂಟು

ನಮ್ಮವರಿಗೆ ಇನ್ನೊಂದು ಗಂಟು ಜಾಸ್ತಿ. 1955ರಲ್ಲಿ ಸೋಲಾಪುರವೂ ಬಿಜಾಪುರವೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಅಕ್ಕಲಕೋಟ ಮುಂಬೈಯಲ್ಲೇ ಉಳಿಯಿತು. ಬೇವಿನ ಗಿಡದ ಕೆಳಗಿನ ಗಾಡಿಯ ಮೊದಲ ದಾಖಲೆ ಇಂದಿನ ವಿಜಯಪುರ ಜಿಲ್ಲೆಯದು, ಗಾಡಿ ನಿಂತಿರುವುದು ಮಹಾರಾಷ್ಟ್ರದಲ್ಲಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೊದಲಿನ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಬೇಕು. ಅಜ್ಜನ ಹೆಸರಿನ ಪುಸ್ತಕ, ವಾರಸಾ, ತೆರಿಗೆ ಬಾಕಿ ಎಲ್ಲ ಬಿಡಿಸಿಕೊಳ್ಳುವಷ್ಟರಲ್ಲಿ ಭಂಗಾರದವನ ಕಾಟಾ ಹಗುರವಾಗಿ ಕಾಣುತ್ತದೆ.

ಆಗಬೇಕಾದ್ದೇನು?

ಸರಕು ವಾಹನವನ್ನೂ ಪುರಾತನ ವರ್ಗಕ್ಕೆ ಸೇರಿಸಬೇಕು. ಹೇರು ಹೊರುವುದಿಲ್ಲ ಎಂಬ ಷರತ್ತು ಬೇಕಾದರೆ ಇರಲಿ. ಕಾಗದ ಹೊಂದಿಸಿಕೊಳ್ಳಲು ಒಂದು ಅವಧಿ ಕೊಡಲಿ. ಹರಿಯಾಣದ ತಾವಡೂದಲ್ಲಿ 2013ರಲ್ಲಿ ಶುರುವಾದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಸಾರಿಗೆಯ ಇತಿಹಾಸಕ್ಕೆ ಜಾಗ ಮಾಡಿಕೊಟ್ಟಿದೆ. ನಮ್ಮ ಭಾಗದ ಒಂದು ಎಪಿಎಂಸಿ ಅಂಗಳದಲ್ಲಿ ಒಂದೇ ಒಂದು ಲಾರಿ ನಿಲ್ಲಿಸಿದರೂ ಸಾಕು, ಮಕ್ಕಳಿಗೆ ಪಾಠ.

ಸರ್ಕಾರ ಮಾಡುವವರೆಗೆ ಮನೆಯವರು ಮಾಡಬಹುದಾದ್ದೂ ಇದೆ. ಚಾಸಿ ನಂಬರಿನ ಮೇಲೆ ವೆಲ್ಡಿಂಗ್, ಗ್ರೈಂಡರ್ ಮುಟ್ಟಿಸಬೇಡಿ, ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆದಿಡಿ. ಹಳೆ ಆರ್‌ಸಿ ಪುಸ್ತಕ, ಪರ್ಮಿಟ್, ತೆರಿಗೆ ರಸೀದಿ, ಗಾಡಿಯ ಮುಂದೆ ನಿಂತ ಫೋಟೋ ಒಂದೇ ಕಡೆ ಕೂಡಿಸಿ. ಬಿಚ್ಚಿದ ಸಾಮಾನು ತುಕ್ಕು ಹಿಡಿದಿದ್ದರೂ ಎಸೆಯಬೇಡಿ. ಹೊಸದು ಮಾಡಿಸಲು ಲೇಥಿನವನಿಗೆ ಅಳತೆ ಕೊಡುವುದು ಅದೇ.

ಆ ಮನೆಯ ವಾದ ಇನ್ನೂ ಮುಗಿದಿಲ್ಲ. ಹಿರಿಯವ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾನೆ. ಕಿರಿಯವ ರೇಡಿಯೇಟರ್ ಹುಡುಕುತ್ತ ಊರೂರು ತಿರುಗುತ್ತಿದ್ದಾನೆ. ನಿಮ್ಮ ಹೊಲದ ಮೂಲೆಯಲ್ಲೂ ಅಂಥದ್ದೊಂದು ಬಿದ್ದಿದ್ದರೆ, ಕಾಟಾ ಮೇಲೆ ಇಡುವ ಮೊದಲು ಒಮ್ಮೆ ಎರಕದ ಮೇಲಿನ ಅಂಕಿ ಓದಿ ನೋಡಿ.