ಬಟನ್ ಅಮ್ಮನೇ ಒತ್ತಲಿ

ಅಮ್ಮನಿಗೋ ಅಪ್ಪನಿಗೋ ಹೊಟ್ಟೆಯ ದೊಡ್ಡ ಆಪರೇಷನ್ ಅಂತ ನಾಲ್ಕು ದಿನ ರಜೆ ಹಾಕಿ, ಆಸ್ಪತ್ರೆಯಲ್ಲಿ ಕೂರುವ ಸರದಿ ನಮ್ಮ ವಯಸ್ಸಿನವರಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಆಗ ಡ್ರಿಪ್ ಸ್ಟ್ಯಾಂಡಿಗೆ ಸಿಕ್ಕಿಸಿದ ಪುಟ್ಟ ಯಂತ್ರವೊಂದು ಕಾಣಬಹುದು. ಅದರಿಂದ ಇಳಿದ ವೈರಿನ ತುದಿಯಲ್ಲೊಂದು ಬಟನ್. "ನೋವಾದ್ರೆ ಇದನ್ನ ಒತ್ತಿ ಅಮ್ಮ" ಅಂತ ಸಿಸ್ಟರ್ ಕೈಗೆ ಕೊಟ್ಟು ಹೋಗಿರ್ತಾರೆ. ಅದೇ ಪಿಸಿಎ ಪಂಪ್. ನೋವಿನ ಔಷಧಿಯನ್ನು ರೋಗಿಯೇ ತನಗೆ ಬೇಕೆನಿಸಿದಾಗ ತೆಗೆದುಕೊಳ್ಳುವ ವ್ಯವಸ್ಥೆ.

ಇದಿಲ್ಲದಿದ್ದರೆ ನೋವು ತಡೆಯೋಕಾಗದೆ ಬೆಲ್ ಹೊಡೀಬೇಕು, ಸಿಸ್ಟರ್ ಬರಬೇಕು, ಬೀಗ ಹಾಕಿದ ಕಪಾಟಿನಿಂದ ಔಷಧಿ ತೆಗೆದು ರಿಜಿಸ್ಟರಿನಲ್ಲಿ ಬರೀಬೇಕು, ಆಮೇಲೆ ಇಂಜೆಕ್ಷನ್. ಅಷ್ಟರಲ್ಲಿ ಅರ್ಧ ಜೀವ ಹೋಗಿರುತ್ತೆ.

ಪಂಪಿಗೆ ಲೆಕ್ಕ ಹಾಕಿಕೊಡೋರು ಅರಿವಳಿಕೆ ವೈದ್ಯರು. ಒಳಗಿರೋದು ಸಾಮಾನ್ಯವಾಗಿ ಮಾರ್ಫಿನ್ ಅಥವಾ ಫೆಂಟನಿಲ್. ಮಾರ್ಫಿನ್ ಆದರೆ ಒಂದು ಸಲ ಒತ್ತಿದರೆ 1 ಮಿಲಿಗ್ರಾಂ, ಆಮೇಲೆ 5ರಿಂದ 10 ನಿಮಿಷ ಬಾಗಿಲು ಬಂದ್ ಅನ್ನೋದು ಸಾಮಾನ್ಯ ಲೆಕ್ಕ. ಆ ಹೊತ್ತಿನಲ್ಲಿ ನೂರು ಸಲ ಒತ್ತಿದರೂ ಹನಿ ಬರಲ್ಲ. ಆದರೆ ಒತ್ತಿದ್ದು ಎಷ್ಟು ಸಲ, ಸಿಕ್ಕಿದ್ದು ಎಷ್ಟು ಸಲ ಎರಡನ್ನೂ ಯಂತ್ರ ಬರೆದಿಡುತ್ತೆ. ಇಪ್ಪತ್ತು ಸಲ ಒತ್ತಿ ಐದೇ ಸಲ ಸಿಕ್ಕಿದ್ದರೆ ಡೋಸ್ ಸಾಲ್ತಿಲ್ಲ, ಇಲ್ಲವೇ ಬಟನ್ ಹೇಗೆ ಬಳಸೋದು ಅಂತ ರೋಗಿಗೆ ಅರ್ಥ ಆಗಿಲ್ಲ. ಎರಡರಲ್ಲಿ ಯಾವುದು ಅಂತ ಬಂದು ನೋಡ್ತಾರೆ.

ಪಂಪ್ ಜೋಡಿಸುವಾಗ ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಚೆಕ್ ಮಾಡೋದನ್ನ ನೋಡಿ 'ಎಷ್ಟು ಲೇಟು' ಅಂತ ಗೊಣಗಬೇಡಿ. ಸಿರಿಂಜಿನಲ್ಲಿ ಒಂದು ಎಂಎಲ್‌ಗೆ 5 ಮಿಲಿಗ್ರಾಂ ಔಷಧಿ ಇದ್ದು, ಯಂತ್ರಕ್ಕೆ 1 ಅಂತ ಹೇಳಿದರೆ ಪ್ರತಿ ಸಲವೂ ಐದು ಪಟ್ಟು ಹೋಗುತ್ತೆ.

ಇಷ್ಟೆಲ್ಲ ಬಂದೋಬಸ್ತ್ ಇದ್ದರೂ ಇದರ ನಿಜವಾದ ಕಾವಲು ನಿದ್ದೆ. ಔಷಧಿ ಸ್ವಲ್ಪ ಜಾಸ್ತಿಯಾದರೆ ರೋಗಿಗೆ ಮಂಪರು ಬರುತ್ತೆ, ಕೈ ಬಟನ್ ಬಿಡುತ್ತೆ, ಔಷಧಿ ತಾನಾಗಿ ನಿಲ್ಲುತ್ತೆ. ಈ ಕಾವಲನ್ನು ಮುರಿಯೋರು ನಾವೇ, ಅದೂ ಪ್ರೀತಿಯಿಂದ. "ಪಾಪ, ನಿದ್ದೇಲೂ ಮುಖ ಕಿವುಚ್ತಿದಾಳೆ" ಅಂತ ಮಗ ಒಂದು ಸಲ, ಅತ್ತೆ ಒಂದು ಸಲ ಒತ್ತುತ್ತಾರೆ. ಮಲಗಿದವರ ಉಸಿರು ನಿಧಾನವಾಗ್ತಾ ಹೋಗುತ್ತೆ. ಅಮೆರಿಕದಲ್ಲಿ ಹೀಗೆ ಬೇರೆಯವರು ಒತ್ತಿ ಅನಾಹುತಗಳಾದ ಮೇಲೆ ಅಲ್ಲಿನ ಜಾಯಿಂಟ್ ಕಮಿಷನ್ 2004ರಲ್ಲಿ ಆಸ್ಪತ್ರೆಗಳಿಗೆ ವಿಶೇಷ ಎಚ್ಚರಿಕೆ ಕಳಿಸಿತ್ತು. ಹಾಗಾಗಿ ಮುಖ ಕಿವುಚಿದರೆ ಸಿಸ್ಟರ್‌ಗೆ ಹೇಳಿ. ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಅನ್ನಿಸಿದರೆ, ಕರೆದರೂ ಕಣ್ಣು ಬಿಡದಿದ್ದರೆ ಓಡಿಹೋಗಿ ಕರೆತನ್ನಿ; ಇದಕ್ಕೆ ನಲೋಕ್ಸೋನ್ ಅನ್ನೋ ಮದ್ದು ಇದೆ, ಸಮಯಕ್ಕೆ ಕೊಟ್ಟರೆ ಕೆಲಸ ಮಾಡುತ್ತೆ.

ಇನ್ನೊಂದು ತೊಂದರೆ ನಮ್ಮ ಅಮ್ಮಂದಿರದ್ದು. "ಇರ್ಲಿ ಬಿಡೋ, ತಡ್ಕೋತೀನಿ" ಅಂತ ಬಟನ್ ಮುಟ್ಟೋದೇ ಇಲ್ಲ. ಚಟ ಆಗಿಬಿಡುತ್ತೆ ಅನ್ನೋ ಭಯ ಬೇರೆ. ಆಪರೇಷನ್ ಆದ ಒಂದೆರಡು ದಿನ, ಡಾಕ್ಟರ ಕಣ್ಣೆದುರು ತಗೊಂಡರೆ ಆ ಸಾಧ್ಯತೆ ತುಂಬಾ ಕಡಿಮೆ. ನೋವು ನುಂಗಿಕೊಂಡು ಮಲಗಿದರೆ ಮಾತ್ರ ಕೆಮ್ಮೋಕಾಗಲ್ಲ, ಉಸಿರು ಎಳೆಯೋಕಾಗಲ್ಲ, ಕಫ ಕಟ್ಟಿ ನ್ಯುಮೋನಿಯಾಗೆ ದಾರಿಯಾಗುತ್ತೆ. ಎದ್ದು ನಡೆಸೋಕೆ ಫಿಸಿಯೋ ಬರುವ ಐದು ನಿಮಿಷ ಮುಂಚೆ ಒತ್ತಿಕೊಳ್ಳೋಕೆ ಹೇಳಿ.

ಎಲ್ಲರಿಗೂ ಇದು ಹೊಂದಲ್ಲ. ಬುದ್ಧಿ ಮಂಕಾದ ಹಿರಿಯರಿಗೆ, ತೀರಾ ಚಿಕ್ಕ ಮಕ್ಕಳಿಗೆ, ಬಟನ್ ಒತ್ತೋಕೆ ಬೆರಳೇ ಬಗ್ಗದವರಿಗೆ ಬೇರೆ ದಾರಿ ಹುಡುಕ್ತಾರೆ. ಅಪ್ಪ ಗೊರಕೆ ಹೊಡೀತಾ ನಡುವೆ ಉಸಿರು ನಿಲ್ಲಿಸ್ತಾರೆ ಅಂದ್ರೆ ಅದನ್ನೂ ಮೊದಲೇ ಹೇಳಿ. ಅರಿವಳಿಕೆ ವೈದ್ಯರು ಹಿಂದಿನ ದಿನ ನೋಡೋಕೆ ಬಂದಾಗ, ಪಿಸಿಎ ಕೊಡ್ತೀರಾ ಅಂತ ಕೇಳಿ. ಹೂಂ ಅಂದರೆ ಅಮ್ಮನಿಗೆ ಆವತ್ತೇ ಬಟನ್ ಕೈಗೆ ಕೊಟ್ಟು ತೋರಿಸಿಬಿಡೋಕೆ ಹೇಳಿ. ಆಪರೇಷನ್ ಮುಗಿಸಿ ಮಂಪರಲ್ಲಿ ಕಣ್ಣು ಬಿಟ್ಟವರಿಗೆ ಪಾಠ ತಲೆಗೆ ಹತ್ತಲ್ಲ.